ಎಂಟು ನಿಮಿಷಕ್ಕೆ ಎಲ್ಲವೂ ಬರುವುದಿಲ್ಲ

ಮಾನ್ಯರೇ,

ನೀವು ಪ್ರಕಟಣೆಗೆ ಕಳಿಸಿದ ‘ಸೂರ್ಯನ ಸಿಟ್ಟು, ಧ್ರುವದ ಮೌನ’ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಬರಹ ಸಲೀಸಾಗಿ ಓದಿಸಿಕೊಳ್ಳುತ್ತದೆ, ಆದರೆ ವಿಜ್ಞಾನ ಎರಡನೇ ಪ್ಯಾರಾದಲ್ಲೇ ಮುಗ್ಗರಿಸಿದೆ.

“ಡಿಸೆಂಬರಿನಲ್ಲಿ ಸೌರಜ್ವಾಲೆ ಎದ್ದ ಎಂಟು ನಿಮಿಷಕ್ಕೆ ಉತ್ತರ ಧ್ರುವದಲ್ಲಿ ರೇಡಿಯೊ ಸತ್ತಿತು, ಆಕಾಶ ಹಸಿರಾಯಿತು” ಎಂದಿದ್ದೀರಿ. ಒಂದೇ ವಾಕ್ಯದಲ್ಲಿ ಮೂರು ಬೇರೆ ಬೇರೆ ಘಟನೆಗಳು. ಎಂಟು ನಿಮಿಷಕ್ಕೆ ಬರುವುದು ಕ್ಷ-ಕಿರಣ. ಅದು ರೇಡಿಯೊ ಕೆಡಿಸುವುದು ಹಗಲಿರುವ ಕಡೆಯಷ್ಟೇ. ಡಿಸೆಂಬರಿನಲ್ಲಿ ಉತ್ತರ ಧ್ರುವಕ್ಕೆ ಸೂರ್ಯನೇ ಇಲ್ಲವಲ್ಲ!

ಧ್ರುವದ ಶಾರ್ಟ್‌ವೇವ್ ರೇಡಿಯೊವನ್ನು ದಿನಗಟ್ಟಲೆ ನುಂಗುವುದು ಸೂರ್ಯನಿಂದ ಬರುವ ವೇಗದ ಕಣಗಳು, ಪ್ರೋಟಾನುಗಳು. ಹತ್ತಾರು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಬರುತ್ತವೆ. ಉಳಿದೆಡೆ ಭೂಮಿಯ ಕಾಂತಕ್ಷೇತ್ರ ಅವನ್ನು ಬದಿಗೆ ತಳ್ಳಿದರೆ, ಧ್ರುವದ ನೆತ್ತಿಯಲ್ಲಿ ಬಲರೇಖೆಗಳು ಬಾಹ್ಯಾಕಾಶಕ್ಕೆ ತೆರೆದಿರುವುದರಿಂದ ನೇರ ಇಳಿದು 50ರಿಂದ 90 ಕಿ.ಮೀ. ಎತ್ತರದಲ್ಲಿ ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತವೆ. “ಅಲೆ ಅಲ್ಲಿ ಪ್ರತಿಫಲಿಸಿ ದಾರಿ ತಪ್ಪುತ್ತದೆ” ಎಂದು ನೀವು ಬರೆದದ್ದು ತಪ್ಪು. ಅಲೆ ಆ ಎಲೆಕ್ಟ್ರಾನುಗಳನ್ನು ಅಲುಗಾಡಿಸುತ್ತದೆ, ಅವು ಅಲ್ಲಿನ ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದು ಅಲೆಯ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಕಡಿಮೆ ಆವರ್ತನಕ್ಕೆ ಪೆಟ್ಟು ಹೆಚ್ಚು: 20 ಮೆಗಾಹರ್ಟ್ಸ್‌ನಿಂದ 10ಕ್ಕೆ ಇಳಿದರೆ ಡೆಸಿಬೆಲ್ ಲೆಕ್ಕದಲ್ಲಿ ನಷ್ಟ ಸುಮಾರು ನಾಲ್ಕು ಪಟ್ಟು. ನಿಮ್ಮ ರೇಡಿಯೊ ನಿರ್ವಾಹಕ ಸಂಪರ್ಕ ತಪ್ಪಿದಾಗ ಆವರ್ತನ ಇಳಿಸುತ್ತಾನೆ, ಏರಿಸಬೇಕಿತ್ತು.

ಇನ್ನೊಂದು ಸೂಕ್ಷ್ಮ. ಕತ್ತಲಲ್ಲಿ ಆ ಎಲೆಕ್ಟ್ರಾನುಗಳು ಆಕ್ಸಿಜನ್ ಅಣುಗಳಿಗೆ ಅಂಟಿಕೊಂಡು ಅಲೆಯ ಹೀರಿಕೆ, ಅಂದರೆ ಈ ನಷ್ಟ, ತಗ್ಗುತ್ತದೆ. ಬಿಸಿಲು ಬಿದ್ದರೆ ಮತ್ತೆ ಬಿಡಿಸಿಕೊಳ್ಳುತ್ತವೆ. ಹಾಗಾಗಿ ಅದೇ ಡಿಸೆಂಬರಿನಲ್ಲಿ ದಕ್ಷಿಣ ಧ್ರುವದ ಹೊಡೆತವೇ ಜೋರು. ದೃಶ್ಯವನ್ನು ಅಂಟಾರ್ಕ್ಟಿಕಾಕ್ಕೆ ಸಾಗಿಸಿದರೆ ಅರ್ಧ ತಪ್ಪು ತಾನಾಗಿ ಹೋಗುತ್ತದೆ. ಆದರೆ ಅಲ್ಲಿ ಆಗ ರಾತ್ರಿಯಿಲ್ಲ, ಹಸಿರು ಆಕಾಶವನ್ನು ಕೈಬಿಡಬೇಕು.

ಆ ಹಸಿರು, ಅಂದರೆ ಧ್ರುವಪ್ರಭೆ, ಕ್ಷ-ಕಿರಣದ್ದೂ ಅಲ್ಲ, ಪ್ರೋಟಾನಿನದ್ದೂ ಅಲ್ಲ, ಮೂರನೆಯವರ ಕೆಲಸ. ಸೂರ್ಯನಿಂದ ಸಿಡಿದ ಪ್ಲಾಸ್ಮಾ (ವಿದ್ಯುದಾವೇಶದ ಅನಿಲ) ಮೋಡ ಸಾಮಾನ್ಯವಾಗಿ ಒಂದರಿಂದ ಮೂರು ದಿನಕ್ಕೆ ತಲುಪುತ್ತದೆ. ಅದರ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ ಅಬ್ಬರ ಹೆಚ್ಚು, ಉತ್ತರಕ್ಕಿದ್ದರೆ ಬಹುಪಾಲು ಸಪ್ಪೆ. ಧ್ರುವಪ್ರಭೆ ಮುಖ್ಯವಾಗಿ ಕಾಂತಧ್ರುವದ ಸುತ್ತ ಬಳೆಯಂತೆ ಹಬ್ಬುತ್ತದೆ, ನಡುನೆತ್ತಿಯಲ್ಲಲ್ಲ.

ಹೀರಿಕೆಗೆ ‘ಕೆಪಿ 9’ ಎಂದು ಬರೆದದ್ದನ್ನು ತೆಗೆಯಿರಿ. ಕೆಪಿ ಕಾಂತಕ್ಷೇತ್ರದ ಏರಿಳಿತದ ಅಳತೆ. ಹೀರಿಕೆಗೆ ರಿಯೋಮೀಟರ್ ಇದೆ: ಸುಮಾರು 30 ಮೆಗಾಹರ್ಟ್ಸ್‌ನಲ್ಲಿ ಬಾಹ್ಯಾಕಾಶದಿಂದ ಬರುವ ರೇಡಿಯೊ ಗೊರಗೊರ ಎಷ್ಟು ಡೆಸಿಬೆಲ್ ಕುಗ್ಗಿತೆಂದು ಹೇಳುತ್ತದೆ. 3 ಡೆಸಿಬೆಲ್ ಎಂದರೆ ಅರ್ಧ ಶಕ್ತಿ ಹೋಯಿತೆಂದು.

1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ವಿದ್ಯುತ್ ಹೋದ ಕತ್ತಲೆಯನ್ನು ಜ್ವಾಲೆಯ ಪ್ಯಾರಾದಿಂದ ಪ್ಲಾಸ್ಮಾ ಮೋಡದ ಪ್ಯಾರಾಕ್ಕೆ ತನ್ನಿ. ಸೂರ್ಯನ ಸಿಟ್ಟನ್ನು ಶೀರ್ಷಿಕೆಯಿಂದಲೂ ಬಿಡಿ. ತಿದ್ದಿದ ಪ್ರತಿ ಕಳಿಸಿದರೆ ಮತ್ತೆ ಓದುತ್ತೇವೆ.

ಸಂಪಾದಕರು