ಮಾತ್ರೆ ತಗೊಂಡರೆ ಪಾಪವೇ? ಹಾಲು ಕೆಡುತ್ತದೆಯೇ?

ಪ್ರಶ್ನೆ: ನನಗೆ 27 ವರ್ಷ. ಸಿಸೇರಿಯನ್ ಆಗಿ ಒಂಬತ್ತು ತಿಂಗಳಾಯಿತು, ಮಗ ಇನ್ನೂ ಹಾಲು ಕುಡಿಯುತ್ತಾನೆ. ಮುಟ್ಟು ಮತ್ತೆ ಶುರುವಾಗಿ ಎರಡು ತಿಂಗಳು. ಶನಿವಾರ ರಾತ್ರಿ ಕಾಂಡೋಮ್ ಹರಿದಿತ್ತು, ಗೊತ್ತಾಗಿದ್ದು ಆಮೇಲೆ. ಊರಿನ ಮೆಡಿಕಲ್ ಶಾಪ್ ಮಾವನವರ ಗೆಳೆಯರದ್ದು. ಅಲ್ಲಿ ಹೋಗಿ ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ ಕೇಳಲು ಗಂಡನಿಗೆ ಸಂಕೋಚ. ‘ಹಾಲೂಡಿಸುವಾಗ ಏನೂ ಆಗಲ್ಲ ಬಿಡು’ ಅನ್ನುತ್ತಾರೆ. ನನಗೆ ಎರಡು ರಾತ್ರಿಯಿಂದ ನಿದ್ದೆಯಿಲ್ಲ. ಮಾತ್ರೆ ತಗೊಂಡರೆ ಗರ್ಭ ತೆಗೆಸಿದ ಪಾಪ ಬರುವುದಿಲ್ಲವೇ? ಹಾಲಿಗೆ ತೊಂದರೆಯಾಗುತ್ತದೆಯೇ?

ಉತ್ತರ: ತಂಗೀ, ನಿಮ್ಮ ಪತ್ರ ಸೋಮವಾರ ಬೆಳಿಗ್ಗೆ ಸಿಕ್ಕಿತು. ಅಂಕಣದ ದಿನದವರೆಗೆ ಕಾಯುವ ವಿಷಯ ಅದಲ್ಲ. ಹಾಗಾಗಿ ‘ಪಕ್ಕದ ಊರಿಗಾದರೂ ಹೋಗಿ ಇವತ್ತೇ ಮಾತ್ರೆ ತಗೊಳ್ಳಿ’ ಎಂದು ಆಗಲೇ ಬರೆದೆ. ಮಧ್ಯಾಹ್ನ ತಗೊಂಡೆ ಎಂದು ನೀವು ತಿಳಿಸಿದಾಗ ಸಮಾಧಾನವಾಯಿತು. ಉಳಿದದ್ದನ್ನು ಈಗ ನಿಧಾನವಾಗಿ ಹೇಳುತ್ತೇನೆ. ಇದೇ ಭಯದಲ್ಲಿರುವ ಬೇರೆಯವರಿಗೂ ಬೇಕಾದೀತು.

ಮೊದಲು ಪಾಪದ ಮಾತು, ನಿಮ್ಮನ್ನು ಹೆಚ್ಚು ಸುಡುತ್ತಿರುವುದು ಅದೇ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಿರಬಲ್ಲದು. ಅಷ್ಟರೊಳಗೆ ಅಂಡ ಹೊರಬಂದರೆ ಗರ್ಭ ನಿಲ್ಲಬಹುದು. ಈ ಮಾತ್ರೆಯಲ್ಲಿರುವ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಅಂಡ ಹೊರಬರುವುದನ್ನು ಮುಂದೂಡುತ್ತದೆ, ಮಾಡುವ ಕೆಲಸ ಅಷ್ಟೇ. ಕಟ್ಟಿರುವ ಗರ್ಭವನ್ನು ಅದು ಕೆಡವುವುದಿಲ್ಲ. ನೀವು ಯಾವ ಜೀವವನ್ನೂ ತೆಗೆದಿಲ್ಲ, ದಯವಿಟ್ಟು ಆ ಭಾರ ಇಳಿಸಿ. ಗರ್ಭಪಾತದ ಮಾತ್ರೆಗಳ ಕಿಟ್ ಬೇರೆಯೇ ಇದೆ, ಅದನ್ನು ವೈದ್ಯರಿಲ್ಲದೆ ಮುಟ್ಟಬಾರದು. ಅಂಗಡಿಯ ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬರದಂತೆ ಪೊಟ್ಟಣದ ಮೇಲಿನ ಔಷಧದ ಹೆಸರು ಓದಿಕೊಳ್ಳಬೇಕು.

ನಾನು ಅಷ್ಟು ಅವಸರ ಮಾಡಿದ್ದೂ ಇದೇ ಕಾರಣಕ್ಕೆ. ಅಂಡ ಆಗಲೇ ಹೊರಬಂದಿದ್ದರೆ ಮುಂದೂಡಲು ಏನೂ ಉಳಿದಿರುವುದಿಲ್ಲ. 72 ಗಂಟೆಯೊಳಗೆ ಈ ಮಾತ್ರೆ ತಗೊಳ್ಳಬೇಕು ಅಂದರೆ ಮೂರನೇ ದಿನದವರೆಗೂ ಒಂದೇ ಫಲ ಎಂದಲ್ಲ. ತಡವಾದಷ್ಟೂ ಪರಿಣಾಮ ಕಡಿಮೆ. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಫಿಟ್ಸ್‌ಗೆ ಕೆಲವು ಮಾತ್ರೆ ನುಂಗುತ್ತಿರುವವರಲ್ಲೂ ಇದರ ಶಕ್ತಿ ಕುಗ್ಗುತ್ತದೆ. ಅಂಥವರಿಗೂ ಮೂರು ದಿನ ದಾಟಿದವರಿಗೂ ಐದು ದಿನದೊಳಗೆ ಕಾಪರ್-ಟಿ (ಗರ್ಭಕೋಶದೊಳಗೆ ಇಡುವ ತಾಮ್ರದ ಪುಟ್ಟ ಸಾಧನ) ಹಾಕಿಸುವುದೇ ಹೆಚ್ಚು ಭದ್ರ.

ಹಾಲಿಗೆ ತೊಂದರೆಯಿಲ್ಲ. ಮಗುವಿಗೆ ಧಾರಾಳವಾಗಿ ಕುಡಿಸಿ. ಆದರೆ ನಿಮ್ಮವರು ಹೇಳಿದ ‘ಹಾಲೂಡಿಸುವಾಗ ಏನೂ ಆಗಲ್ಲ’ ಎಂಬ ಮಾತು ಅರ್ಧ ಸತ್ಯ, ಅದನ್ನು ನಂಬಿ ಮತ್ತೆ ಬಸುರಾದವರು ನಮ್ಮ ಮನೆಗಳಲ್ಲೇ ಇದ್ದಾರೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಮೂರೂ ಕೂಡಿದ್ದರೆ ಮಾತ್ರ ಅದು ರಕ್ಷಣೆ. ನಿಮ್ಮ ಮಗ ರಾಗಿ ಸರಿ ತಿನ್ನುವ ವಯಸ್ಸಿಗೆ ಬಂದಿದ್ದಾನೆ, ನಿಮಗೆ ಮುಟ್ಟೂ ಶುರುವಾಗಿದೆ.

ಮಾತ್ರೆ ನುಂಗಿದ ಎರಡು ಗಂಟೆಯೊಳಗೆ ವಾಂತಿಯಾಗಿದ್ದರೆ ಇನ್ನೊಂದು ತಗೊಳ್ಳಬೇಕಿತ್ತು, ನಿಮಗೆ ಹಾಗಾಗಿಲ್ಲ ಎಂದಿದ್ದೀರಿ. ಮುಂದಿನ ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗಬಹುದು. ನಡುವೆ ಬಟ್ಟೆಗೆ ಸ್ವಲ್ಪ ಕಲೆಯಾದರೆ ಅದನ್ನೇ ಮುಟ್ಟು ಎಂದುಕೊಂಡು ನಿಶ್ಚಿಂತರಾಗಬೇಡಿ. ಒಂದು ವಾರ ತಡವಾದರೆ, ಇಲ್ಲವೇ ಆ ಶನಿವಾರಕ್ಕೆ ಮೂರು ವಾರ ತುಂಬಿದ ಮೇಲೆ, ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿ. ಆಶಾ ಕಾರ್ಯಕರ್ತೆಯ ಬಳಿ ‘ನಿಶ್ಚಯ್’ ಕಿಟ್ ಕೇಳಿ ನೋಡಿ. ಪರಂಗಿ, ಎಳ್ಳು ಬೆಲ್ಲ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ, ಅದರಿಂದ ಏನೂ ಆಗುವುದಿಲ್ಲ.

ಇನ್ನೊಂದು ಮಾತು ಮುಖ್ಯ. ಮಾತ್ರೆ ಆ ಒಂದು ರಾತ್ರಿಗೆ ಮಾತ್ರ. ಅಂಡ ಮುಂದಕ್ಕೆ ಹೋಗಿರುವುದರಿಂದ ಈ ವಾರ, ಬರುವ ವಾರ ಇನ್ನೂ ಹುಷಾರಾಗಿರಬೇಕು. ಮುಟ್ಟಾಗುವವರೆಗೆ ಕಾಂಡೋಮ್ ತಪ್ಪಿಸಬೇಡಿ. ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದ್ದಿರಾ? ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಸಡಿಲಾಗಿ ಹರಿಯುತ್ತದೆ. ಪರ್ಸ್‌ನಲ್ಲಿ ತಿಂಗಳುಗಟ್ಟಲೆ ಮಡಚಿಟ್ಟದ್ದೂ ಅಷ್ಟೇ. ಮುಂದಕ್ಕೆ ಕಾಪರ್-ಟಿ ಇದೆ, ಸಿಸೇರಿಯನ್ ಆದವರಿಗೂ ಹಾಕುತ್ತಾರೆ. ಮೂರು ತಿಂಗಳಿಗೊಮ್ಮೆ ‘ಅಂತರಾ’ ಚುಚ್ಚುಮದ್ದಿದೆ, ‘ಛಾಯಾ’ ಮಾತ್ರೆಯಿದೆ. ಎಲ್ಲವೂ ಸರ್ಕಾರಿ ಕುಟುಂಬ ಯೋಜನೆಯಲ್ಲಿ ಉಚಿತ, ಹಾಲೂಡಿಸುವವರಿಗೂ ಆಗುತ್ತವೆ. ಹೆರಿಗೆಯಾಗಿ ಎರಡು ವರ್ಷ ಕಳೆದ ಮೇಲೆ ಮುಂದಿನ ಬಸಿರು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗರ್ಭಕೋಶದ ಹೊಲಿಗೆಗೂ ಆ ಬಿಡುವು ಬೇಕು.

ನಿಮ್ಮವರಿಗೆ ಈ ಪುಟ ತೋರಿಸಿ. ಅಣ್ಣಾ, ಗೆಳೆಯರ ಅಂಗಡಿಯಲ್ಲಿ ಕೇಳಲು ನಿಮಗಾದ ಮುಜುಗರ ನನಗೆ ಅರ್ಥವಾಗುತ್ತದೆ. ಆದರೆ ಆ ಎರಡು ರಾತ್ರಿ ಇವರು ಮಗುವಿಗೆ ಹಾಲು ಕುಡಿಸುತ್ತಾ ಒಬ್ಬರೇ ದಿನ ಎಣಿಸುತ್ತಿದ್ದರು. ಆರೋಗ್ಯ ಕೇಂದ್ರಕ್ಕೆ ಹೋಗುವಾಗ ನೀವೂ ಜೊತೆಗೆ ಹೋಗಿ, ಮಗುವನ್ನು ನೀವೇ ಎತ್ತಿಕೊಳ್ಳಿ.

ಪರೀಕ್ಷೆಯಲ್ಲಿ ಎರಡು ಗೆರೆ ಬಂದರೂ ಕಂಗಾಲಾಗಬೇಡಿ, ತಂಗೀ. ಮುಂದುವರಿಸುವುದಾದರೆ ಈ ಮಾತ್ರೆಯಿಂದ ಮಗುವಿಗೆ ತೊಂದರೆಯಾಗುವುದಿಲ್ಲ. ಬೇಡವೆಂದರೆ ಗರ್ಭನಿರೋಧಕ ವಿಫಲವಾದದ್ದನ್ನೇ ಕಾನೂನು ಕಾರಣವೆಂದು ಒಪ್ಪುತ್ತದೆ. 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು, ಗಂಡನ ಸಹಿ ಕಡ್ಡಾಯವಲ್ಲ. ಏನೇ ಬಂದರೂ ನನಗೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.