ಅಜ್ಜಿಯ ಹೆಸರು ಯಾವ ಕಾಗದದಲ್ಲಿದೆ?

ಮನೆತನದ ಚರಿತ್ರೆಯನ್ನು ಹುಡುಕಿ ಬರೆದಿಡುವ ಹವ್ಯಾಸದ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ತಂದೆಯವರ ಟ್ರಂಕಿನಲ್ಲಿ ಸಿಕ್ಕ ಲೆಕ್ಕದ ಪುಸ್ತಕವೊಂದರಲ್ಲಿ ನಮ್ಮ ಮುತ್ತಜ್ಜ ‘ಕ್ರೋಧನ ಸಂವತ್ಸರದ ಮಾರ್ಗಶಿರ ಮಾಸ’ದಲ್ಲಿ ತೀರಿಕೊಂಡರೆಂದು ಬರೆದಿದೆ. ಅವರು ಹುಡುಗರಾಗಿದ್ದಾಗ ‘ಧಾತು ಈಶ್ವರದ ಬರ’ದಲ್ಲಿ ತಾಯಿಯ ಕೈ ಹಿಡಿದು ಈ ಊರಿಗೆ ಬಂದರೆಂದು ಮನೆಯಲ್ಲಿ ಹೇಳುತ್ತಾರೆ. ಇಸವಿಯನ್ನು ತಿಳಿಯುವುದು ಹೇಗೆ? ಮೂಲ ಊರನ್ನು ಎಲ್ಲಿಂದ ಹುಡುಕಲಿ?
(ನಿವೃತ್ತ ಶಿಕ್ಷಕರು, ಹಾಸನ ಜಿಲ್ಲೆ)

ಉತ್ತರ: ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಹೆಸರೊಂದರಿಂದಲೇ ಇಸವಿ ನಿರ್ಧಾರವಾಗುವುದಿಲ್ಲ. ಕ್ರೋಧನ ಸಂವತ್ಸರವು 1865, 1925 ಮತ್ತು 1985ರ ಯುಗಾದಿಗಳಂದು ಆರಂಭವಾಗಿದೆ. ನಿಮ್ಮ ಮುತ್ತಜ್ಜ ಬರಗಾಲದಲ್ಲಿ ಹುಡುಗರಾಗಿದ್ದರೆಂದರೆ ಮಧ್ಯದ್ದೇ ಸರಿಯಾದುದು. ಧಾತು ಸಂವತ್ಸರ 1876ರಲ್ಲೂ ಈಶ್ವರ ಸಂವತ್ಸರ 1877ರಲ್ಲೂ ಆರಂಭವಾದವು. ಮೈಸೂರು ಸೀಮೆಯನ್ನು ಹಿಂಡಿದ ಆ ಮಹಾಕ್ಷಾಮ ಹಳಬರ ಬಾಯಲ್ಲಿ ಇಂದಿಗೂ ಆ ಎರಡು ಸಂವತ್ಸರಗಳ ಹೆಸರಿನಲ್ಲೇ ಉಳಿದಿದೆ. ಆಗ ಎಂಟು ಹತ್ತು ವರ್ಷದವರಾಗಿದ್ದ ಹುಡುಗ 1925ರ ನವೆಂಬರ್–ಡಿಸೆಂಬರಿನಲ್ಲಿ, ಅರವತ್ತರ ಆಸುಪಾಸಿನಲ್ಲಿ ತೀರಿಕೊಂಡರೆಂಬುದು ಹೊಂದಿಕೆಯಾಗುತ್ತದೆ. ಪುಸ್ತಕದ ಬರಹವೂ ಮನೆಯ ಮಾತೂ ಹೀಗೆ ಒಂದನ್ನೊಂದು ಬೆಂಬಲಿಸಿದಾಗ ಎರಡಕ್ಕೂ ಬೆಲೆ ಹೆಚ್ಚುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಸಂವತ್ಸರ ಯುಗಾದಿಗೆ ಬದಲಾಗುತ್ತದೆ, ಇಸವಿ ಜನವರಿಗೆ ಬದಲಾಗುತ್ತದೆ, ಆದ್ದರಿಂದ ಮಾಘ, ಫಾಲ್ಗುಣಗಳ ತಿಥಿಯಾಗಿದ್ದರೆ ಅದನ್ನು 1926ಕ್ಕೆ ಸೇರಿಸಬೇಕಾಗುತ್ತಿತ್ತು.

ಮೂಲ ಊರಿನ ವಿಷಯಕ್ಕೆ ಬರೋಣ. ಮೊದಲು ನಿಮ್ಮ ಮನೆದೇವರು ಎಲ್ಲಿದೆಯೆಂಬುದನ್ನು ಗಮನಿಸಿ. ಬರದಲ್ಲಿ ಊರು ಬಿಟ್ಟವರು ಹೊಲವನ್ನೂ ಮನೆಯನ್ನೂ ಬಿಟ್ಟರು, ಆದರೆ ದೇವರ ಒಕ್ಕಲಾಗಿರುವುದನ್ನು ಬಿಡಲಿಲ್ಲ. ಈಗಿರುವ ಊರಿಗೆ ಸಂಬಂಧವೇ ಇಲ್ಲದಂತೆ ದೂರದ ತಾಲ್ಲೂಕೊಂದರ ದೇವರಿಗೆ ನೀವು ನಡೆದುಕೊಳ್ಳುತ್ತಿದ್ದರೆ, ಹುಡುಕಾಟವನ್ನು ಆ ಗುಡಿಯ ಸುತ್ತಲಿನ ಹಳ್ಳಿಗಳಿಂದ ಆರಂಭಿಸಬಹುದು. ಅಲ್ಲಿನ ಪೂಜಾರಿಗಳನ್ನು ಕೇಳಿದರೆ ಯಾವ ಯಾವ ಊರಿನ ಒಕ್ಕಲುಗಳು ಜಾತ್ರೆಗೆ ಬರುತ್ತವೆಂದು ಹೇಳಬಲ್ಲರು.

ಕಾಗದಗಳನ್ನು ಮಾತ್ರ ಇಂದಿನಿಂದ ಹಿಂದಕ್ಕೆ ಓದುತ್ತ ಹೋಗಬೇಕು. ಪಹಣಿಯಲ್ಲಿ ಮ್ಯುಟೇಷನ್ ಸಂಖ್ಯೆ ಇರುತ್ತದೆ. ಮ್ಯುಟೇಷನ್ ವಹಿಯಲ್ಲಿ ಜಮೀನು ಯಾರಿಂದ ಯಾರಿಗೆ, ಏಕೆ ಬಂತೆಂಬ ವಿವರವಿರುತ್ತದೆ. ಖಾತೆದಾರರು ತೀರಿಕೊಂಡಾಗ ಆಗುವ ಪೌತಿ ಖಾತೆಯಲ್ಲಿ ವಾರಸುದಾರರ ಹೆಸರುಗಳಿರುತ್ತವೆ. ಅದಕ್ಕೂ ಹಿಂದಿನವನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟು ಕೇಳಬೇಕು. ಉಪನೋಂದಣಿ ಕಚೇರಿಯ ಹಳೆಯ ಕ್ರಯಪತ್ರಗಳನ್ನು ಓದುವಾಗ ಚಕ್ಕುಬಂದಿಯನ್ನು ಬಿಟ್ಟುಬಿಡಬೇಡಿ. ಮೂಡಲಿಗೆ ಇಂಥವರ ಹೊಲ, ಪಡುವಲಿಗೆ ಇಂಥವರ ಹೊಲ ಎಂಬಲ್ಲಿ ಬರುವ ಹೆಸರುಗಳು ಬಹಳ ಸಲ ಅಣ್ಣತಮ್ಮಂದಿರವೇ ಆಗಿರುತ್ತವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಪದ್ಧತಿಯಿಂದಾಗಿ ಇಬ್ಬರು ವ್ಯಕ್ತಿಗಳು ಒಬ್ಬರಾಗಿ ಬೆರೆತುಹೋಗುವುದು ಈ ಹವ್ಯಾಸದಲ್ಲಿ ಅತಿ ಸಾಮಾನ್ಯವಾದ ತಪ್ಪು. ಹೆಸರಿನ ಜೊತೆ ತಂದೆಯ ಹೆಸರು ಕಾಣುವವರೆಗೆ ಯಾರನ್ನೂ ವಂಶವೃಕ್ಷಕ್ಕೆ ಸೇರಿಸಬೇಡಿ. ಶಾಲೆಯ ದಾಖಲಾತಿ ವಹಿಯಲ್ಲಿ ಜೂನ್ 1 ಎಂಬ ಜನ್ಮದಿನ ಕಂಡರೆ ಅದು ಮೇಷ್ಟರು ಅಂದಾಜಿನಿಂದ ಬರೆದದ್ದಿರಬಹುದೆಂದು ಶಿಕ್ಷಕರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮ ಮನೆಯ ಹಳೆಯ ಪಾಲಿನ ದಾವೆಯ ನಕಲಿನಲ್ಲಿ ಏಳು ತಲೆಮಾರಿನ ವಂಶಾವಳಿ ಇದೆ. ಅದರಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ. ನನ್ನ ಅಜ್ಜಿಯ ಅಜ್ಜಿ ಯಾರೆಂದು ತಿಳಿಯಲು ದಾರಿ ಇದೆಯೇ?
(ಬ್ಯಾಂಕ್ ಉದ್ಯೋಗಿ, ಧಾರವಾಡ)

ಉತ್ತರ: ನಿಮ್ಮ ಪತ್ರವನ್ನು ಓದಿ ಸಂತೋಷವಾಯಿತು. ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕಾಗಿತ್ತು. ದಾವೆಯ ವಂಶಾವಳಿಯನ್ನು ಸಿದ್ಧಪಡಿಸಿದ್ದು ಜಮೀನಿನ ಪಾಲನ್ನು ತೀರ್ಮಾನಿಸುವುದಕ್ಕಾಗಿ. ಪಾಲಿಲ್ಲದವರ ಹೆಸರು ಅದನ್ನು ಬರೆದವರಿಗೆ ಬೇಕಾಗಿರಲಿಲ್ಲ. ಯಾವುದೇ ಕಾಗದವನ್ನು ಕೈಗೆತ್ತಿಕೊಂಡಾಗ ಇದನ್ನು ಯಾರು, ಏತಕ್ಕಾಗಿ ಬರೆದರು ಎಂದು ಮೊದಲು ಕೇಳಿಕೊಂಡರೆ, ಅದರಲ್ಲಿ ಯಾರು ಸಿಗುತ್ತಾರೆ, ಯಾರು ಸಿಗುವುದಿಲ್ಲ ಎಂಬುದು ತಾನಾಗಿಯೇ ತಿಳಿಯುತ್ತದೆ. ನೀವು ಹೆಣ್ಣುಮಕ್ಕಳ ಹೆಸರು ಬರೆಯಲೇಬೇಕಾಗಿದ್ದ ಕಾಗದಗಳನ್ನು ಹುಡುಕಬೇಕು.

ಧಾರವಾಡವು ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1937ರ ಕಾಯ್ದೆಯು ಗಂಡನ ಆಸ್ತಿಯಲ್ಲಿ ಹಿಂದೂ ವಿಧವೆಯರಿಗೆ ಸೀಮಿತವಾದ ಹಕ್ಕನ್ನು ಕೊಟ್ಟಿತು. ಮೈಸೂರು ಸಂಸ್ಥಾನದಲ್ಲಿ ಅದಕ್ಕಿಂತ ನಾಲ್ಕು ವರ್ಷ ಮೊದಲೇ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂದಿತ್ತು. 1956ರ ಉತ್ತರಾಧಿಕಾರ ಕಾಯ್ದೆಯ ನಂತರ ಹೆಣ್ಣುಮಕ್ಕಳೂ ವಾರಸುದಾರರಾದರು. ಹಾಗಾಗಿ ಈ ಇಸವಿಗಳ ಈಚಿನ ವಾರಸಾ ದಾಖಲೆಗಳಲ್ಲಿ ಹೆಂಡತಿ, ಮಗಳು, ಸೊಸೆಯರ ಹೆಸರುಗಳು ಕಾಣತೊಡಗುತ್ತವೆ. ಅಣ್ಣತಮ್ಮಂದಿರ ಹೆಸರಿಗೆ ಅಕ್ಕತಂಗಿಯರು ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರಗಳನ್ನು ತಪ್ಪದೆ ನೋಡಿ. ಅವರು ತಮ್ಮ ಪಾಲನ್ನು ಬಿಟ್ಟುಕೊಟ್ಟ ಆ ಕಾಗದದಲ್ಲಿಯೇ ಅವರ ಹೆಸರು, ವಯಸ್ಸು, ಗಂಡನ ಹೆಸರು, ಕೊಟ್ಟ ಊರು ಎಲ್ಲವೂ ಒಟ್ಟಿಗೆ ಸಿಗುತ್ತವೆ. ಅದನ್ನು ಓದುವಾಗ ನನಗೆ ಪ್ರತಿ ಸಲವೂ ಮನಸ್ಸು ಭಾರವಾಗುತ್ತದೆ.

ಅಜ್ಜಿಯ ಅಜ್ಜಿಯವರೆಗೆ ಹೋಗಬೇಕಾದರೆ ಕಚೇರಿಯ ಕಾಗದ ಸಾಲದು. ಅಟ್ಟದ ಮೇಲಿರುವ ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಇಳಿಸಿ. ಕೊಡ, ತಪ್ಪಲೆ, ತಂಬಿಗೆಗಳ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅಕ್ಷರಗಳಿರುತ್ತವೆ. ಮದುವೆಯಲ್ಲಿ ತವರಿನವರು ಕೊಟ್ಟ ಪಾತ್ರೆಯಾದರೆ ಮದುಮಗಳ ಹೆಸರೋ ಕೊಟ್ಟವರ ಹೆಸರೋ ಅದರಲ್ಲಿರುವ ಸಂಭವ ಹೆಚ್ಚು. ಅಕ್ಷರ ಸವೆದಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕತ್ತಲೆಯ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ನೆರಳಿನಿಂದ ಅಕ್ಷರಗಳು ಎದ್ದು ಕಾಣುತ್ತವೆ. ಮದುವೆಯ ಮುಯ್ಯಿ ಬರೆದ ಪುಸ್ತಕಗಳು ಇನ್ನೊಂದು ನಿಧಿ. ಮುಯ್ಯಿಯನ್ನು ತಿರುಗಿಸಿ ಕೊಡಬೇಕಾದ್ದರಿಂದ ಯಾವ ಊರಿನ ಯಾರು ಏನು ಕೊಟ್ಟರೆಂಬುದನ್ನು ನಮ್ಮವರು ಬಹಳ ಎಚ್ಚರಿಕೆಯಿಂದ ಬರೆದಿಟ್ಟಿದ್ದಾರೆ, ಮತ್ತು ಆ ಪಟ್ಟಿಯಲ್ಲಿ ತಾಯಿಯ ತವರಿನ, ಅಜ್ಜಿಯ ತವರಿನ ಊರುಗಳು ಸಾಲಾಗಿ ನಿಂತಿರುತ್ತವೆ. ಶ್ರಾದ್ಧ, ತರ್ಪಣಗಳನ್ನು ನಡೆಸುವ ಮನೆಗಳಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ ಹೇಳುವ ಕ್ರಮವಿದೆ. ಹೆಸರುಗಳ ಆ ಚೀಟಿ ಮನೆಯ ಹಿರಿಯರ ಬಳಿಯೋ ಪುರೋಹಿತರ ಬಳಿಯೋ ಉಳಿದಿರಬಹುದು. ಮದುವೆಯಾದಾಗ ಹೆಸರು ಬದಲಿಸುವ ರೂಢಿ ಕೆಲವು ಮನೆತನಗಳಲ್ಲಿದೆ, ಆದ್ದರಿಂದ ತವರಿನ ಹೆಸರು ಮತ್ತು ಗಂಡನ ಮನೆಯ ಹೆಸರು ಎರಡನ್ನೂ ಕೇಳಿ ಬರೆದುಕೊಳ್ಳಿ.

ಹಿರಿಯ ಹೆಂಗಸರನ್ನು ‘ನಿಮ್ಮ ಅಜ್ಜಿಯ ಹೆಸರೇನು’ ಎಂದು ನೇರವಾಗಿ ಕೇಳಿದರೆ ಹಲವರು ‘ಮರೆತಿದೆ’ ಎನ್ನುತ್ತಾರೆ. ಕೊಡವನ್ನು ಮುಂದಿಟ್ಟು ‘ಇದು ಯಾರ ಮದುವೆಯಲ್ಲಿ ಬಂತು’ ಎಂದು ಕೇಳಿದರೆ ಇಡೀ ಮಧ್ಯಾಹ್ನ ಮಾತನಾಡುತ್ತಾರೆ. ಮಾತನ್ನು ಫೋನಿನಲ್ಲಿ ಮುದ್ರಿಸಿಕೊಳ್ಳುವುದಕ್ಕೆ ಮೊದಲು ಅವರ ಒಪ್ಪಿಗೆಯನ್ನು ಪಡೆಯಿರಿ. ಮುದ್ರಣದ ಆರಂಭದಲ್ಲಿ ದಿನಾಂಕ, ಊರು, ಮಾತನಾಡುತ್ತಿರುವವರ ಹೆಸರನ್ನು ನೀವೇ ಹೇಳಿ. ಈ ಕೆಲಸವನ್ನು ಕಚೇರಿಯ ಕೆಲಸಕ್ಕಿಂತ ಮೊದಲು ಮಾಡಿ. ರೆಕಾರ್ಡ್ ರೂಮಿನ ಕಡತ ಮುಂದಿನ ವರ್ಷವೂ ಅಲ್ಲಿಯೇ ಇರಬಹುದು, ತೊಂಬತ್ತರ ಅಜ್ಜಿಯ ನೆನಪು ಹಾಗೆ ಕಾಯುವುದಿಲ್ಲ.

ಪ್ರಶ್ನೆ: ನಾನು ಚಿಕ್ಕವನಿದ್ದಾಗ ನಮ್ಮ ಹಳ್ಳಿಗೆ ಹೆಳವರು ಬಂದು ನಮ್ಮ ಮನೆತನದ ಹೆಸರುಗಳನ್ನು ಹೇಳುತ್ತಿದ್ದರು. ಅವರು ಹೇಳುವುದನ್ನು ಎಷ್ಟರಮಟ್ಟಿಗೆ ನಂಬಬಹುದು?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು, ಊರು ಬಾಗಲಕೋಟೆ ಜಿಲ್ಲೆ)

ಉತ್ತರ: ಎತ್ತಿನೊಡನೆ ಊರೂರು ಸುತ್ತುತ್ತ, ಬೆಳಗಿನ ಹೊತ್ತು ಮನೆಯ ಮುಂದೆ ನಿಂತು ಗಂಟೆ ಬಾರಿಸಿ ವಂಶಾವಳಿಯನ್ನು ಹೇಳಿ, ಕಾಳುಕಡಿ, ಬಟ್ಟೆ, ಹಣವನ್ನು ಕಾಣಿಕೆಯಾಗಿ ಪಡೆಯುವ ಹೆಳವರು ನಮ್ಮ ನಾಡಿನ ಮನೆತನಗಳ ಚರಿತ್ರಕಾರರು. ಯಾವ ಬೆಡಗು (ಕುಲದೊಳಗಿನ ಬಳಿ), ಮೂಲ ಊರು ಯಾವುದು, ಯಾರು ಯಾವ ಊರಿಗೆ ವಲಸೆ ಹೋಗಿ ನೆಲೆನಿಂತರು ಎಂಬುದನ್ನು ಅವರಷ್ಟು ಉದ್ದಕ್ಕೆ ನೆನಪಿಟ್ಟವರು ಬೇರೆ ಇಲ್ಲ. ಅವರ ಹೇಳಿಕೆಯಲ್ಲಿ ಅತ್ಯಂತ ಪ್ರಾಚೀನ ಭಾಗವು ಪುರಾಣದೊಡನೆ ಸೇರಿಕೊಂಡಿರುತ್ತದೆ. ಈಚಿನ ನಾಲ್ಕೈದು ತಲೆಮಾರುಗಳನ್ನು ನಿಮ್ಮ ಜಮೀನಿನ ದಾಖಲೆಗಳೊಡನೆ ಹೋಲಿಸಿ ನೋಡಿ. ಅಲ್ಲಿ ತಾಳೆಯಾದರೆ ಅದರ ಹಿಂದಿನ ಮೂರ್ನಾಲ್ಕು ಹೆಸರುಗಳಿಗೂ ಸ್ವಲ್ಪ ಭರವಸೆ ಬರುತ್ತದೆ. ಪುರಾಣದ ಭಾಗವನ್ನು ಕಿತ್ತುಹಾಕದೆ ಹಾಗೆಯೇ ಬರೆದುಕೊಳ್ಳಿ, ಏಕೆಂದರೆ ನಿಮ್ಮ ಹಿರಿಯರು ತಮ್ಮನ್ನು ಯಾರೆಂದು ತಿಳಿದಿದ್ದರೆಂಬುದು ಅದರಲ್ಲಿದೆ.

ಹೆಳವರು ವಂಶಾವಳಿಗಳನ್ನು ಬರೆದಿಟ್ಟುಕೊಂಡಿರುವ ಪುಸ್ತಕ ಅವರ ಜೀವನೋಪಾಯ. ಪುಟಗಳ ಫೋಟೊ ತೆಗೆಯಲು ಒತ್ತಾಯಿಸಬೇಡಿ. ನಿಮ್ಮ ಮನೆತನಕ್ಕೆ ನಡೆದುಕೊಳ್ಳುವ ಹೆಳವರ ಮನೆ ಯಾವುದೆಂದು ಊರಿನ ಹಿರಿಯರಿಂದ ತಿಳಿದುಕೊಂಡು, ಅವರು ಬರುವ ಸಮಯಕ್ಕೆ ನೀವು ಊರಿನಲ್ಲಿದ್ದು, ಪೂರ್ತಿ ಹೇಳಿಸಿ ಕೇಳಿ, ಮರ್ಯಾದೆಯ ಕಾಣಿಕೆಯನ್ನು ಕೊಡಿ. ನಿಮ್ಮ ಮನೆಯಲ್ಲಿ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರುಗಳನ್ನು ಅವರಿಗೆ ಬರೆಸಿಕೊಡಿ, ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿ.

ಪ್ರಶ್ನೆ: ನಮ್ಮ ಅಜ್ಜ ಊರಿನ ತೋಟಿಯಾಗಿದ್ದರು. ನಮ್ಮಂಥವರ ಮನೆಗೆ ದಾಖಲೆ ಎಲ್ಲಿಂದ ಬರಬೇಕು ಎಂದು ಎಲ್ಲರೂ ಹೇಳುತ್ತಾರೆ. ನಿಜವೇ?
(ಪದವಿ ವಿದ್ಯಾರ್ಥಿನಿ, ಕೋಲಾರ ಜಿಲ್ಲೆ)

ಉತ್ತರ: ನಿಜವಲ್ಲ. ತೋಟಿ, ತಳವಾರ, ನೀರಗಂಟಿಗಳು ಗ್ರಾಮದ ಆಡಳಿತದ ಭಾಗವಾಗಿದ್ದರು. ಅವರ ಸೇವೆಗೆ ಪ್ರತಿಯಾಗಿ ಇನಾಂ ಜಮೀನನ್ನು ಬಿಟ್ಟಿರುತ್ತಿದ್ದರು, ಮತ್ತು ಹಾಗೆ ಬಿಟ್ಟ ಜಮೀನಿಗೆ ಲೆಕ್ಕವಿರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯು 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯದ ಈ ಹುದ್ದೆಗಳು ಕೊನೆಗೊಂಡವು. ಆ ಜಮೀನುಗಳನ್ನು ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡುವ ಅವಕಾಶವನ್ನು ಅದೇ ಕಾಯ್ದೆ ಕಲ್ಪಿಸಿತು. ನಿಮ್ಮ ಅಜ್ಜನೋ ಅವರ ದಾಯಾದಿಗಳೋ ಅರ್ಜಿ ಹಾಕಿದ್ದರೆ, ಆ ಮರುಮಂಜೂರಾತಿಯ ಕಡತದಲ್ಲಿ ಹುದ್ದೆ ಯಾರಿಂದ ಯಾರಿಗೆ ಬಂತೆಂಬ ವಿವರ ಇರುವ ಸಂಭವ ಬಹಳವಿದೆ. ತಹಶೀಲ್ದಾರರ ಕಚೇರಿಯಲ್ಲಿ ಊರಿನ ಹೆಸರು, ಸರ್ವೆ ನಂಬರು, ‘ತೋಟಿ ಇನಾಂ’ ಎಂಬ ಮಾತು, ಈ ಮೂರನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದು ಕೇಳಿ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನುಗಳ ಪರಭಾರೆಯನ್ನು ತಡೆಯಲು 1978ರಲ್ಲಿ ಬಂದ ಕಾಯ್ದೆಯ ಅಡಿಯಲ್ಲಿ ನಡೆದ ಪ್ರಕರಣಗಳಿದ್ದರೆ, ಅವು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿರುತ್ತವೆ. ಗೇಣಿ ಮಾಡುತ್ತಿದ್ದವರಾದರೆ 1974ರ ಭೂಸುಧಾರಣೆಯ ನಂತರ ಉಳುವ ಜಮೀನಿನ ಹಕ್ಕನ್ನು ಕೋರಿ ಭೂನ್ಯಾಯ ಮಂಡಳಿಗೆ ಕೊಟ್ಟ ಏಳನೆಯ ನಮೂನೆಯ ಅರ್ಜಿಗಳನ್ನು ನೋಡಬೇಕು.

ನಿಮ್ಮ ಅಜ್ಜ ಊರಿನ ಪ್ರತಿಯೊಂದು ಗಡಿಕಲ್ಲನ್ನೂ ಬಲ್ಲವರಾಗಿದ್ದಿರಬಹುದು. ತಮಟೆ ಬಾರಿಸಿ ಊರಿಗೆ ಸುದ್ದಿಯನ್ನು ಸಾರಿದವರು, ದಂಡಿನ ಕಾಲವನ್ನೂ ಪ್ಲೇಗಿನ ಕಾಲವನ್ನೂ ಕಂಡವರಿಂದ ಕಥೆಗಳನ್ನು ಕೇಳಿದವರು ಅವರು. ಅವರ ಕೆಲಸದ ವಿವರಗಳನ್ನು ನಿಮ್ಮ ತಂದೆ, ದೊಡ್ಡಪ್ಪ, ಸೋದರತ್ತೆಯರಿಂದ ಕೇಳಿ ಬರೆಯಿರಿ. ನೀವು ಬರೆಯುವುದು ನಿಮ್ಮ ಊರಿನ ಇತಿಹಾಸವೂ ಆಗುತ್ತದೆ.

ಪ್ರಶ್ನೆ: ಅಟ್ಟದಲ್ಲಿ ಕಪ್ಪು ಬಟ್ಟೆಯ ಮಡಿಕೆಗಳಂಥ ಕಡತ, ಕೆಲವು ತಾಳೆಗರಿ, ಗಾಜಿಗೆ ಅಂಟಿಕೊಂಡ ಮದುವೆಯ ಫೋಟೊ ಸಿಕ್ಕಿವೆ. ಮಳೆಗಾಲಕ್ಕೆ ಮೊದಲು ಇವನ್ನು ಹೇಗೆ ಕಾಪಾಡಲಿ?
(ಅಡಿಕೆ ಬೆಳೆಗಾರರು, ಶಿವಮೊಗ್ಗ ಜಿಲ್ಲೆ)

ಉತ್ತರ: ಕಡತವನ್ನು ದಯವಿಟ್ಟು ಬಟ್ಟೆಯಿಂದ ಒರೆಸಬೇಡಿ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿಯನ್ನು ಬೆರೆಸಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಬರಹವದು. ಧೂಳಿನ ಜೊತೆ ಅಕ್ಷರವೂ ಹೋಗಿಬಿಡುತ್ತದೆ. ಪ್ರತಿ ಮಡಿಕೆಯನ್ನೂ ನೆರಳಿನ ಬೆಳಕಿನಲ್ಲಿ ಬಿಡಿಸಿ, ಮುಟ್ಟದೆ ಫೋಟೊ ತೆಗೆಯಿರಿ. ತಾಳೆಗರಿಯ ಕಟ್ಟು ಬಿಗಿಯಾಗಿದ್ದರೆ ಬಲವಂತವಾಗಿ ಬಿಡಿಸದೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಹಸ್ತಪ್ರತಿ ಭಂಡಾರದ ತಜ್ಞರಿಗೆ ತೋರಿಸಿ ಕೇಳಿ. ಗಾಜಿಗೆ ಅಂಟಿದ ಫೋಟೊವನ್ನು ಎಳೆದರೆ ಮುಖಗಳು ಗಾಜಿನಲ್ಲಿಯೇ ಉಳಿಯುತ್ತವೆ. ಚೌಕಟ್ಟಿನಿಂದ ಹಿಂದಿನ ರಟ್ಟನ್ನು ಮಾತ್ರ ಬಿಚ್ಚಿ, ಗಾಜಿನ ಮೂಲಕವೇ ಸ್ಕ್ಯಾನ್ ಮಾಡಿಸಿ. ಯಾವ ಕಾಗದಕ್ಕೂ ಲ್ಯಾಮಿನೇಷನ್, ಸೆಲ್ಲೊಟೇಪು ಬೇಡ. ಬಜೆಯ ಬೇರನ್ನು ಹತ್ತಿಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯ ಮೂಲೆಯಲ್ಲಿಡುವ ಹಳಬರ ಪದ್ಧತಿ ಹುಳುಗಳನ್ನು ದೂರವಿಡುತ್ತದೆ. ಪೆಟ್ಟಿಗೆಯನ್ನು ಅಡಿಕೆ ಬೇಯಿಸುವ ಒಲೆಯ ಕಡೆಯ ಅಟ್ಟದಿಂದ ಇಳಿಸಿ, ಹೊರಗೋಡೆಗೆ ತಾಗದಂತೆ ಮಣೆಯ ಮೇಲಿಡಿ.

ಬಿಡಿಯಾಗಿರುವ ಫೋಟೊಗಳ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ, ಅಂಚಿನಲ್ಲಿ, ಹಗುರವಾಗಿ ಹೆಸರುಗಳನ್ನು ಬರೆಯಿರಿ. ಮದುವೆಯ ಫೋಟೊದಲ್ಲಿ ನಿಂತವರು ಎಡದಿಂದ ಬಲಕ್ಕೆ ಯಾರು ಯಾರೆಂದು ಗುರುತಿಸಬಲ್ಲವರು ಈಗ ನಿಮ್ಮ ಮನೆಯಲ್ಲಿ ಇದ್ದರೆ, ಸ್ಕ್ಯಾನ್ ಮಾಡಿಸುವುದಕ್ಕೂ ಮೊದಲು ಅದನ್ನು ಅವರ ಮುಂದಿಡಿ.