ಕೇಬಲ್ ಕಿತ್ತ ಮೇಲೂ ಫೈಲ್ ತೆರೆದೇ ಇರುತ್ತದೆ

ಪ್ರಶ್ನೆ: ಸಕ್ಕರೆ ಕಾರ್ಖಾನೆಯ ವೇಬ್ರಿಜ್‌ಗೆ ಜೋಡಿಸುವ ಯುಎಸ್‌ಬಿ ಸಾಧನಕ್ಕೆ ಲಿನಕ್ಸ್ ಡ್ರೈವರ್ ಬರೆದಿದ್ದೇನೆ. ತೂಕದ ಪ್ರೋಗ್ರಾಂ ನಡೆಯುತ್ತಿರುವಾಗ ಕೇಬಲ್ ಕಿತ್ತರೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕುಸಿಯುತ್ತದೆ. ಮೆಮೊರಿಯನ್ನು ಡೆವ್‌ಎಂ_ಕೆಜಡ್‌ಅಲಾಕ್‌ನಿಂದಲೇ ಪಡೆದಿದ್ದೇನೆ. ಅದು ತಾನಾಗಿಯೇ ಬಿಡುಗಡೆಯಾಗುವುದಿಲ್ಲವೇ?
– ಓದುಗರು, ಮುಧೋಳ

ಉತ್ತರ: ಆಗುತ್ತದೆ. ನಿಮ್ಮ ತೊಂದರೆಯೇ ಅದು.

ಡೆವ್‌ಎಂ ಬಳಸಿದರೆ ನಿಶ್ಚಿಂತೆ ಎಂದು ಎರಡು ದಿನದ ತರಬೇತಿಯಲ್ಲಿ ಹೇಳಿ ಕಳಿಸುವವರ ಮೇಲೆ ನನಗೆ ಸಿಟ್ಟಿದೆ. ಆ ಮೆಮೊರಿಯ ಆಯಸ್ಸು ಡ್ರೈವರ್ ಸಾಧನಕ್ಕೆ ಅಂಟಿಕೊಂಡಿರುವವರೆಗೆ ಮಾತ್ರ. ಕೇಬಲ್ ಕಿತ್ತೊಡನೆ ಡಿಸ್ಕನೆಕ್ಟ್ (ಸಾಧನ ಹೋದಾಗ ಕರ್ನಲ್ ಕರೆಯುವ ಫಂಕ್ಷನ್) ಮುಗಿದು ಮೆಮೊರಿ ಹೋಯಿತು. ಆದರೆ ತೂಕದ ಪ್ರೋಗ್ರಾಂ ಸಾಧನವನ್ನು ಓದಲು ತೆರೆದ ಫೈಲನ್ನು ಇನ್ನೂ ಮುಚ್ಚಿಲ್ಲ. ಮುಂದೆ ಅದು ಓದಿದರೂ ಕೆಡುಕು, ಮುಚ್ಚಿದರೂ ಕೆಡುಕು: ಆಗಲೇ ಬೇರೆಯವರ ಪಾಲಾದ ಜಾಗಕ್ಕೆ ಕೈ ಹಾಕುತ್ತದೆ. ಕಬ್ಬಿನ ಹಂಗಾಮಿನಲ್ಲಿ, ಹೊರಗೆ ಟ್ರ್ಯಾಕ್ಟರುಗಳ ಸಾಲು ನಿಂತಿರುವಾಗ, ಆ ಕೇಬಲ್ ಯಾರದಾದರೂ ಕಾಲಿಗೆ ಸಿಕ್ಕದೆ ಇರುವುದಿಲ್ಲ.

ಮೆಮೊರಿಯನ್ನು, ತಾನಾಗಿ ಬಿಡುಗಡೆಯಾಗದ ಸಾದಾ ಕೆಜಡ್‌ಅಲಾಕ್‌ನಿಂದ ಪಡೆಯಿರಿ. ಒಳಗೊಂದು ಕೆರೆಫ್ (ಎಷ್ಟು ಮಂದಿ ಬಳಸುತ್ತಿದ್ದಾರೆಂಬ ಎಣಿಕೆ) ಇಡಿ. ಸಾಧನ ಸಿಕ್ಕಾಗ ಕರ್ನಲ್ ಕರೆಯುವ ಪ್ರೋಬ್‌ನಲ್ಲಿ ಕೆರೆಫ್_ಇನಿಟ್ ಮಾಡಿದಾಗ ಎಣಿಕೆ 1. ಪ್ರತಿ ಓಪನ್‌ಗೆ ಒಂದು ಗೆಟ್ (ಎಣಿಕೆ ಏರಿಕೆ), ಫೈಲ್ ಮುಚ್ಚುವ ಪ್ರತಿ ರಿಲೀಸ್‌ಗೆ ಒಂದು ಪುಟ್ (ಇಳಿಕೆ). ಡಿಸ್ಕನೆಕ್ಟ್‌ನಲ್ಲಿ ಮೊದಲು ಯುಎಸ್‌ಬಿ_ಡಿರಿಜಿಸ್ಟರ್_ಡೆವ್ ಕರೆದು ಹೊಸ ಓಪನ್‌ಗಳಿಗೆ ಬಾಗಿಲು ಹಾಕಿ. ಆಮೇಲೆ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರನ್ನೇ ಬಿಡುವ ಬೀಗ) ಹಿಡಿದು ‘ಸಾಧನ ಹೋಗಿದೆ’ ಎಂದು ಗುರುತು ಹಾಕಿ, ಬಾಕಿ ಯುಆರ್‌ಬಿಗಳನ್ನು (ಯುಎಸ್‌ಬಿ ವಿನಂತಿಗಳನ್ನು) ನಿಲ್ಲಿಸಿ, ಕಾದು ಮಲಗಿರುವ ರೀಡ್‌ಗಳನ್ನು ಎಬ್ಬಿಸಿ. ಪ್ರೋಬ್ ಹಿಡಿದಿದ್ದ ಎಣಿಕೆಯನ್ನು ಕೊನೆಗೆ ಬಿಡಿ. ಕೊನೆಯ ಪುಟ್ ಯಾರದೋ ಅವರಿಂದಲೇ ಕೆಫ್ರೀ (ಮೆಮೊರಿ ಬಿಡುಗಡೆ) ಆಗುತ್ತದೆ. ರೀಡ್ ಅದೇ ಮ್ಯೂಟೆಕ್ಸ್ ಹಿಡಿದು ಗುರುತು ನೋಡಬೇಕು, ಸಾಧನವಿಲ್ಲದಿದ್ದರೆ ಇನೋಡೆವ್ (‘ಸಾಧನವಿಲ್ಲ’ ಎಂಬ ದೋಷ ಸಂಕೇತ) ಹಿಂದಿರುಗಿಸಬೇಕು. ಆದರೆ ಮ್ಯೂಟೆಕ್ಸ್ ಹಿಡಿದೇ ದತ್ತಾಂಶಕ್ಕೆ ಕಾಯುತ್ತ ಮಲಗಬಾರದು. ಮಲಗಿದರೆ ಡಿಸ್ಕನೆಕ್ಟ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

‘ಫಾಪ್ಸ್‌ನಲ್ಲಿ (ಡ್ರೈವರ್‌ನ ಫೈಲ್ ಫಂಕ್ಷನ್‌ಗಳ ಪಟ್ಟಿಯಲ್ಲಿ) ಓನರ್ ಕೊಟ್ಟಿದ್ದೇನಲ್ಲ’ ಎನ್ನಬೇಡಿ. ಅದು ಮಾಡ್ಯೂಲ್‌ನ ಕೋಡನ್ನು ಕಾಯುತ್ತದೆ, ನಿಮ್ಮ ಮೆಮೊರಿಯನ್ನಲ್ಲ.

ಕಾಸಾನ್ (ಮೆಮೊರಿ ತಪ್ಪು ಹಿಡಿಯುವ ಸಲಕರಣೆ) ಹಾಕಿದ ಕರ್ನಲ್‌ನಲ್ಲಿ, ಪ್ರೋಗ್ರಾಂ ಓಡುತ್ತಿರುವಾಗಲೇ ಐವತ್ತು ಸಲ ಕೇಬಲ್ ಕಿತ್ತು ನೋಡಿ. ಅಷ್ಟಾಗದೆ ನಾನಂತೂ ಯಾವ ಡ್ರೈವರನ್ನೂ ಬೆಳಗಾವಿಯ ನನ್ನ ಮೇಜಿನಿಂದ ಹೊರಗೆ ಬಿಡುವುದಿಲ್ಲ.

ಪ್ರಶ್ನೆ: ಸಾಧನವನ್ನು ಕರ್ನಲ್‌ಗೆ ನೋಂದಾಯಿಸುವ ಡಿವೈಸ್_ರಿಜಿಸ್ಟರ್ ವಿಫಲವಾದರೆ ಕೆಫ್ರೀ ಮಾಡಬಹುದೇ? – ಇಂಡಿ

ಉತ್ತರ: ಕೂಡದು. ಪುಟ್_ಡಿವೈಸ್ ಮಾಡಿ, ಸಾಧನದ ಎಣಿಕೆ ಇಳಿಯಲಿ.

ಪ್ರಶ್ನೆ: ಎಣಿಕೆ 1 ಇದೆಯೇ ಎಂದು ಓದಿ ನೋಡಿ ನಾನೇ ಕೆಫ್ರೀ ಮಾಡಿದರೆ? – ಗೋಕಾಕ

ಉತ್ತರ: ನೀವು ಓದಿ ಮುಗಿಸುವಷ್ಟರಲ್ಲಿ ಅದು 2 ಆಗಿರಬಹುದು.

ಪ್ರಶ್ನೆ: ಸಾಧನದ ಎಣಿಕೆ ಸೊನ್ನೆಯಾದಾಗ ಮೆಮೊರಿ ಬಿಡುವ ರಿಲೀಸ್ ಫಂಕ್ಷನ್ ಇಲ್ಲ ಎಂದು ಕರ್ನಲ್ ಗದರುತ್ತದೆ. ಖಾಲಿ ಫಂಕ್ಷನ್ ಕೊಟ್ಟೆ, ಸುಮ್ಮನಾಯಿತು. – ಜಮಖಂಡಿ

ಉತ್ತರ: ಕರ್ನಲ್ ಗದರಿದ್ದು ನಿಮ್ಮ ಒಳಿತಿಗೆ. ಬಾಯಿ ಮುಚ್ಚಿಸಿದ್ದೀರಿ, ತಪ್ಪು ಹಾಗೆಯೇ ಇದೆ.